ಗಾಡಿ ನಂಬರ್ ಇನ್ನೂರ ಹದಿನೇಳು

ಏಳೂಮುಕ್ಕಾಲಿಗೇ ಒರ್ಲಾಂಡೋದ ಬಿಸಿಲು
ನನ್ನ ಕೌಂಟರಿನ ಮೇಲೆ ಮೊಣಕೈ ಊರಿತ್ತು.
ಬೆನ್ನ ಹಿಂದೆ ನೀಲಿ ಪ್ಲಾಸ್ಟಿಕ್ಕಿನ ತಳ್ಳುಗಾಡಿಗಳ ಸಾಲು,
ಒಂದರ ಮಡಿಲಲ್ಲಿ ಒಂದು.
ನಾನು ನೆರೈದಾ. ಹದಿನಾಲ್ಕು ವರ್ಷದಿಂದ
ಇವನ್ನು ಬೆಳಿಗ್ಗೆ ಬಾಡಿಗೆಗೆ ಕೊಡುತ್ತೇನೆ, ರಾತ್ರಿ ಒರೆಸಿಡುತ್ತೇನೆ.
ಮಕ್ಕಳನ್ನು ಮುಖದಿಂದಲ್ಲ,
ಕಾಲಿನಿಂದ ಗುರುತು ಹಿಡಿಯುತ್ತೇನೆ.

ನೆಬ್ರಾಸ್ಕಾದವರು ಬಂದರು: ತಾಯಿ, ಅಜ್ಜಿ, ಹುಡುಗ.
ಹುಡುಗನಿಗೆ ಎಂಟೂವರೆ. ಅರ್ಧವನ್ನು ಅವನೇ ಒತ್ತಿ ಹೇಳಿದ.
ತಾಯಿ ದನಿ ತಗ್ಗಿಸಿ, ಔಷಧಿ ಅಂಗಡಿಯಲ್ಲಿ ಕೇಳುವವರ ಹಾಗೆ,
'ಇವನ ಅಳತೆಯದು ಸಿಗುತ್ತದೆಯೇ?' ಅಂದಳು.

ಅಜ್ಜಿಗೆ ಕೇಳಿಸಿಬಿಟ್ಟಿತು. ಕಿವಿಯ ಯಂತ್ರ ಹೊಸದು.
'ಇಷ್ಟುದ್ದ ಹುಡುಗನಿಗೆ ಗಾಡಿಯೇ, ಕೊರಿನ್?
ಇವನ ವಯಸ್ಸಿಗೆ ನಾನು ಹಿಮದಲ್ಲಿ ಎರಡು ಮೈಲಿ
ಶಾಲೆಗೆ ನಡೆಯುತ್ತಿದ್ದೆ.'
ಸಾಲಿನಲ್ಲಿ ಹಿಂದಿದ್ದವನೊಬ್ಬ ಕೆಮ್ಮಿದ.
ಕೆಮ್ಮಿನಲ್ಲೂ ಅಭಿಪ್ರಾಯವಿರುತ್ತದೆ.
ಎಮೆಟ್ ತನ್ನ ಬೂಟಿನ ಲೇಸು ನೋಡುತ್ತ ನಿಂತ.
'ನಾನೇನು ಪಾಪು ಅಲ್ಲ' ಎಂದು ಲೇಸಿಗೇ ಹೇಳಿದ.

ನಾನು ಹೇಳಬಹುದಿತ್ತು:
ಅಮ್ಮಾ, ನಿಮ್ಮ ಎರಡು ಮೈಲಿಯ ತುದಿಗೆ ಒಂದು ಬೆಂಚಿತ್ತು,
ಕೂತರೆ ಯಾರೂ ಏಳಿಸುತ್ತಿರಲಿಲ್ಲ.
ಇಲ್ಲಿ ರಾತ್ರಿ ಹತ್ತರೊಳಗೆ ಹತ್ತು ಮೈಲಿ,
ಅದೂ ನೆಟ್ಟಗೆ ನಡೆಯುವ ಹಾಗಿಲ್ಲ,
ಎರಡು ಹೆಜ್ಜೆ ಇಟ್ಟು ನಿಲ್ಲಬೇಕು, ಮತ್ತೆ ಎರಡು, ಮತ್ತೆ ನಿಲ್ಲಬೇಕು.
ನಡೆದ ಕಾಲಿಗಿಂತ ನಿಂತ ಕಾಲು ಬೇಗ ಸೋಲುತ್ತದೆ.
ನನ್ನ ಮೊಣಕಾಲನ್ನು ಕೇಳಿ.

ಹೇಳಲಿಲ್ಲ. ನನಗೆ ಸಂಬಳ ಕೊಡುವುದು ನಗುವುದಕ್ಕೆ.
ಇನ್ನೂರ ಹದಿನೇಳನ್ನು ಎಳೆದು ಕೊಟ್ಟೆ,
'ಚೀಲ ಇಡೋದಕ್ಕೆ' ಎಂದೆ, ಹುಡುಗನಿಗೆ ಕೇಳುವಂತೆ.
ಹಿಡಿಕೆ ಹಿಡಿದು ತಾನೇ ತಳ್ಳಿಕೊಂಡು ಹೋದ,
ಬಸ್ ಡ್ರೈವರನ ಗತ್ತಿನಲ್ಲಿ.

ಮಧ್ಯಾಹ್ನ ಮೂರಕ್ಕೆ ಮಳೆ, ದಿನದಂತೆ, ಹತ್ತೇ ನಿಮಿಷ.
ಬಿದ್ದ ನೀರು ಹಬೆಯಾಗಿ ನೆಲದಿಂದೆದ್ದಿತು.
ಊಟ ಮುಗಿಸಿ ಬರುವಾಗ ಕಾರಂಜಿಯ ಬಳಿ ಕಂಡೆ ಆ ಗಾಡಿಯನ್ನು:
ಚೀಲಗಳ ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ,
ಎಡಗಾಲಿನದರ ಉಂಗುಷ್ಠ ಕಿತ್ತದ್ದು.
ಅಜ್ಜಿ ಬರಿಗಾಲಲ್ಲಿ, ಹಿಡಿಕೆಯ ಮೇಲೆ ಭಾರ ಹಾಕಿ
ತಳ್ಳುತ್ತಿದ್ದಳೋ, ಊರಿಕೊಂಡಿದ್ದಳೋ.
ದೂರಕ್ಕೆ ಎರಡೂ ಒಂದೇ ಥರ ಕಾಣುತ್ತವೆ.

ಬಾಣಬಿರುಸು ಮುಗಿದು ಜನ ಬಾಗಿಲಿಗೆ ಹರಿದ ಮೇಲೆ,
ಎಲ್ಲ ಗಾಡಿಗಳ ಹಿಂದೆ ಬಂತು ಇನ್ನೂರ ಹದಿನೇಳು.
ಒಳಗೆ ಹುಡುಗ, ಮೈಮೇಲೆ ಎಚ್ಚರವಿಲ್ಲದ ನಿದ್ದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇವನ ಕಾಲಿಗೆ ಅದನ್ನು ಯಾರೂ ಹೇಳಿರಲಿಲ್ಲ.
ಪಾದಗಳು ಮುಂಗಾಲಿ ದಾಟಿ
ಇಳಿಯಲೋ ಬೇಡವೋ ಎಂದು ನೇತಾಡುತ್ತಿದ್ದವು.
ತೆರೆದ ಬಾಯಲ್ಲಿ, ಬಲಕ್ಕೆ, ಬೆಳಿಗ್ಗೆ ಇರದಿದ್ದ ಕಿಂಡಿ.

ಅಜ್ಜಿ ನನ್ನ ಕಣ್ಣು ತಪ್ಪಿಸಿ
'ನಾಳೆಗೂ ಒಂದು ತೆಗೆದಿಡಿ' ಅಂದಳು.
ಸ್ವಲ್ಪ ಹೊತ್ತು ಬಿಟ್ಟು, 'ಚೀಲಕ್ಕೆ.'
ತಾಯಿ ಅವನನ್ನು ಬೆನ್ನಿಗೇರಿಸಿಕೊಂಡಳು, ಉಪ್ಪುಮೂಟೆ.
ಬೂಟು ಅವಳ ಮೊಣಕಾಲಿಗೆ ಬಡಿಯುತ್ತಿತ್ತು
ಹೆಜ್ಜೆಗೊಂದು ಸಲ.

ಒರೆಸುವಾಗ ಸಿಕ್ಕಿತು. ಸೀಟಿನ ಸಂದಿಯಲ್ಲಿ,
ಪಾಪ್‌ಕಾರ್ನಿನ ಪುಡಿಯ ನಡುವೆ,
ಕಾಗದದ ತುಂಡಿನಲ್ಲಿ ಸುತ್ತಿದ ಒಂದು ಹಾಲುಹಲ್ಲು.
ಕಳೆದುಹೋದ ವಸ್ತುಗಳ ಫಾರಂ ತೆಗೆದೆ.
ಅದರಲ್ಲಿ ಎರಡು ಚೌಕ: ಮಗುವಿನದು, ದೊಡ್ಡವರದು.
ಪೆನ್ನೆತ್ತಿದೆ.
ಪೆನ್ನಿಟ್ಟೆ,
ಕಾಲಿಗೆ ಬುದ್ಧಿ ಹೇಳಿದೆ.
ಐವತ್ತೆಂಟರ ಕಾಲು, ಹದಿಮೂರು ಗಂಟೆ ನಿಂತ ಕಾಲು,
ನನ್ನನ್ನು ಬೈದುಕೊಂಡೇ ಓಡಿತು.

ಪಾರ್ಕಿಂಗಿಗೆ ಹೋಗುವ ಟ್ರ್ಯಾಮು ಇನ್ನೇನು ಹೊರಡಲಿತ್ತು.
ಅಜ್ಜಿ ಕೈ ಚಾಚಿ ತೆಗೆದುಕೊಂಡಳು, ಬಿಡಿಸಿ ನೋಡಿದಳು,
ಕಿವಿಯ ಯಂತ್ರದ ಖಾಲಿ ಡಬ್ಬಿಯಲ್ಲಿಟ್ಟು
ಮುಚ್ಚಳ ಒತ್ತಿದಳು.
ಆಮೇಲೆ ನನ್ನ ಕಾಲನ್ನೇ ನೋಡುತ್ತ ಪಕ್ಕಕ್ಕೆ ಸರಿದಳು,
'ಕೂತುಕೊಳ್ಳಿ. ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ.'

ನನ್ನ ಕಾರಿರುವುದು ಆ ಕಡೆಯಲ್ಲ.
ಕೂತೆ.